ಓದಲಾಗದ ಕನ್ಸೋಲ್ ಮತ್ತು ನಿಮ್ಮ ಎರಡನೇ ನಿಯಮ

ಗೆ,
ಮ್ಯಾನೇಜರ್ ಹಾಗೂ ದೂರು ವಿಭಾಗದವರು,
ನಿಮ್ಮ ಕೋರಮಂಗಲದ ಅಂಗಡಿ, ಬೆಂಗಳೂರು

ದಿನಾಂಕ: 29-9-2025

ವಿಷಯ: ಬುಕ್ ಮಾಡಿದ್ದು ಬಹುಭಾಷೆಯ ನಿಂಟೆಂಡೊ ಸ್ವಿಚ್ 2 ವಿಡಿಯೊ ಗೇಮ್ ಕನ್ಸೋಲ್, ಕೈಗೆ ಬಂದಿದ್ದು ಬರೀ ಜಪಾನಿ ಭಾಷೆಯದು

ಮಾನ್ಯರೇ,

ಇದು ನಾನು ನಿಮಗೆ ಬರೆಯುತ್ತಿರುವ ಮೂರನೇ ಪತ್ರ. ಮೊದಲಿನ ಎರಡನ್ನು ಮೇಲ್ ಮಾಡಿದ್ದೆ. ಫೋನ್ ಮಾಡಿದ್ದನ್ನು ಹನ್ನೊಂದರವರೆಗೆ ಎಣಿಸಿ ಬಿಟ್ಟೆ. ಪ್ರತಿ ಸಲ ‘ಟೀಮ್ ಜೊತೆ ಮಾತಾಡಿ ಕಾಲ್ ಮಾಡ್ತೀವಿ ಮೇಡಂ’ ಅಂದಿರಿ. ಆ ಟೀಮ್ ಯಾವ ಊರಲ್ಲಿದೆಯೋ, ಅಲ್ಲಿಗೆ ಇನ್ನೂ ಟವರ್ ಹಾಕಿಲ್ಲ ಅಂತ ಕಾಣುತ್ತೆ. ಇರಲಿ. ವ್ಯಂಗ್ಯ ಮಾಡಬಾರದು ಅಂದುಕೊಂಡೇ ಬರೆಯಲು ಕೂತಿದ್ದೇನೆ.

ನಮ್ಮ ಮನೆಯಲ್ಲಿ 2017ರ ಹಳೇ ನಿಂಟೆಂಡೊ ಸ್ವಿಚ್ ಇದೆ. ಅದರ ಎಡಗಡೆ ಸ್ಟಿಕ್ಕಿಗೆ ಡ್ರಿಫ್ಟ್ ಬಂದು ಮೂರು ವರ್ಷ ಆಯ್ತು. ನಾವು ಮುಟ್ಟದಿದ್ದರೂ ಪಾತ್ರ ತಾನೇ ಎಡಕ್ಕೆ ನಡೆದುಕೊಂಡು ಹೋಗಿ ಗುಂಡಿಗೆ ಬೀಳುತ್ತೆ. ಎಸ್.ಪಿ. ರೋಡಿನಲ್ಲಿ ವೈ ಆಕಾರದ ಸ್ಕ್ರೂಡ್ರೈವರ್ ತಂದು ನಾನೇ ಬಿಚ್ಚಿದೆ. ನಾದಿನಿ ಮದುವೆ ಪತ್ರಿಕೆಯಿಂದ ಉಗುರಷ್ಟು ತುಂಡು ಕತ್ತರಿಸಿ ಸ್ಟಿಕ್ಕಿನ ಮೇಲೆ ಒತ್ತುವ ಹಾಗೆ ಒಳಗೆ ಇಟ್ಟೆ. ಆರು ತಿಂಗಳು ನೆಟ್ಟಗೆ ನಡೆಯಿತು. ಹಾಗಾಗಿ ಹೊಸದು ಬರುತ್ತೆ ಅಂದಾಗ ನನಗೂ ಎಂಟನೇ ಕ್ಲಾಸಿನ ಮಗಳಿಗೂ ಎಷ್ಟು ಆಸೆ ಇತ್ತು ಅಂತ ನಿಮಗೆ ಅರ್ಥವಾಗಬೇಕು.

ಫ್ರಿಜ್ ಮೇಲೆ ಅವಳು ಒಂದು ಹಾಳೆ ಅಂಟಿಸಿದ್ದಳು. ದೊಡ್ಡ ಸ್ಕ್ರೀನ್ ಬೇಕು. ಹಳೇ ಕಾರ್ಟ್ರಿಜ್ ಹಾಕಿದರೆ ಓಡಬೇಕು. ಜಾಗ ಜಾಸ್ತಿ ಇರಬೇಕು. ಸ್ಟಿಕ್ ಹಾಳಾಗಬಾರದು. 2025ರ ಏಪ್ರಿಲ್ 2ರಂದು ಕಂಪನಿ ಪೂರ್ತಿ ವಿವರ ಬಿಟ್ಟಾಗ ಒಂದೊಂದೇ ಟಿಕ್ ಹಾಕಿದಳು. ಸ್ಕ್ರೀನ್ 6.2 ಇಂಚಿಂದ 7.9ಕ್ಕೆ ಏರಿತ್ತು, ಟಿಕ್. 32 ಜಿಬಿ ಇದ್ದಿದ್ದು 256 ಆಗಿತ್ತು, ಟಿಕ್. ಹಳೇ ಆಟಗಳು ಹೆಚ್ಚುಕಮ್ಮಿ ಎಲ್ಲಾ ಓಡುತ್ತವೆ ಅಂತ ಗೊತ್ತಾಯ್ತು, ಟಿಕ್. ಪಕ್ಕದ ಜಾಯ್-ಕಾನ್, ಅಂದರೆ ಬಿಚ್ಚಿ ಹಿಡಿಯುವ ಕಂಟ್ರೋಲರ್, ಆಯಸ್ಕಾಂತದಿಂದ ಟಕ್ ಅಂತ ಕೂರುತ್ತೆ, ಮೇಜಿನ ಮೇಲೆ ಮಲಗಿಸಿ ಮೌಸ್ ತರಾ ಓಡಿಸಬಹುದು. ಇದು ಅವಳ ಹಾಳೆಯಲ್ಲೇ ಇರಲಿಲ್ಲ, ಕೆಳಗೆ ಸೇರಿಸಿ ಅದಕ್ಕೂ ಟಿಕ್ ಹಾಕಿದಳು. ಸ್ಟಿಕ್ಕಿಗೆ ಮಾತ್ರ ನಾವು ಕಾಯುತ್ತಿದ್ದ ಹಾಲ್ ಎಫೆಕ್ಟ್, ಅಂದರೆ ಉಜ್ಜಿ ಸವೆಯದ ಆಯಸ್ಕಾಂತದ ತಂತ್ರ, ಬರಲಿಲ್ಲ. ಅದು ನಿಮ್ಮ ತಪ್ಪಲ್ಲ. ನಿಮ್ಮ ತಪ್ಪಲ್ಲದ್ದನ್ನು ನಿಮ್ಮ ತಲೆಗೆ ಕಟ್ಟುವವಳು ನಾನಲ್ಲ. ಕಟ್ಟುವುದಕ್ಕೆ ಬೇರೆ ಬೇಕಾದಷ್ಟಿದೆ.

ಈ ಕನ್ಸೋಲನ್ನು ಕಂಪನಿಯವರು ನಮ್ಮ ದೇಶದಲ್ಲಿ ಬಿಡುಗಡೆಯೇ ಮಾಡಿಲ್ಲ. ಹೊರಗಿನಿಂದ ತರಿಸುವ ನಿಮ್ಮಂಥವರೇ ಗತಿ. ಆ ವಾರವೇ ನಿಮ್ಮ ವೆಬ್‌ಸೈಟಿನಲ್ಲಿ 15,000 ಕಟ್ಟಿ ಬುಕ್ ಮಾಡಿದೆ. ಅದರಲ್ಲಿ 4,000 ಮಗಳದು, ಅವಳ ಅಜ್ಜಿ ಹಬ್ಬಹಬ್ಬಕ್ಕೆ ಕೊಟ್ಟಿದ್ದು. ಜಪಾನಿನಲ್ಲಿ ಎರಡು ಥರದ ಸ್ವಿಚ್ 2 ಮಾರುತ್ತಾರೆ ಅಂತ ಓದಿದ್ದೆ. ಬರೀ ಜಪಾನಿ ಭಾಷೆ ಇರುವುದಕ್ಕೆ ಆಗ 49,980 ಯೆನ್, ಬಹುಭಾಷೆಯದಕ್ಕೆ 69,980. ಅದಕ್ಕೇ ವಾಟ್ಸ್ಆ್ಯಪಿನಲ್ಲಿ ಬಿಡಿಸಿ ಕೇಳಿದೆ. ‘100% ಮಲ್ಟಿ ಲ್ಯಾಂಗ್ವೇಜ್ ಮೇಡಂ’ ಅಂತ ಉತ್ತರ ಬಂತು, ಜೊತೆಗೆ ಹೆಬ್ಬೆರಳು. ಆ ಹೆಬ್ಬೆರಳಿನ ಸ್ಕ್ರೀನ್‌ಶಾಟ್ ಲಗತ್ತಿಸಿದ್ದೇನೆ.

ಜೂನ್ 5ಕ್ಕೆ ಬಿಡುಗಡೆ ಆಯ್ತು. ಮೊದಲ ನಾಲ್ಕೇ ದಿನದಲ್ಲಿ ಪ್ರಪಂಚದಲ್ಲಿ 35 ಲಕ್ಷ ಹೋಯಿತಂತೆ. ನೀವು ಹೇಳಿದ್ದು ಜೂನ್ ಎರಡನೇ ವಾರ. ನನ್ನ ಒಂದು ಡಬ್ಬ ಬಂದಿದ್ದು ಆಗಸ್ಟ್ 23ಕ್ಕೆ. ಬಾಕಿ 46,500 ಅಂಗಡಿಯಲ್ಲೇ ಕೊಟ್ಟೆ. ಬಿಲ್ ಕೇಳಿದರೆ ‘ಎಸ್ಟಿಮೇಟ್’ ಅಂತ ಬರೆದ ಹಳದಿ ಚೀಟಿ ಕೊಟ್ಟಿರಿ. ಇಂಥ ಚೀಟಿಯ ಅರ್ಥ ನನಗೂ ಗೊತ್ತು, ನಿಮಗೂ ಗೊತ್ತು, ಜಿಎಸ್‌ಟಿಯವರಿಗಂತೂ ಚೆನ್ನಾಗಿ ಗೊತ್ತು.

ಮನೆಗೆ ಬಂದು ಆನ್ ಮಾಡಿದರೆ ಮೊದಲ ಪರದೆಯಿಂದಲೇ ಜಪಾನಿ. ಭಾಷೆ ಆರಿಸುವ ಜಾಗವೇ ಇಲ್ಲ. ಜಪಾನ್ ಅಂತ ನಮೂದಾದ ಅಕೌಂಟ್ ಬಿಟ್ಟು ಬೇರೆಯದನ್ನು ಅದು ಒಪ್ಪುವುದಿಲ್ಲ. ಮಗಳು ಎರಡು ಗಂಟೆ ಒತ್ತಿ ಒತ್ತಿ, ಕೊನೆಗೆ ಡಬ್ಬದೊಳಗೆ ಇಟ್ಟು ಮುಚ್ಚಿದಳು.

ಇನ್ನು ಆಗಸ್ಟ್ 25, ಸೋಮವಾರದ ಸಂಜೆ. ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ನಿಮ್ಮ ಮೇಲ್ ಉತ್ತರದಲ್ಲಿ ‘ಗ್ರಾಹಕರಿಗೆ ಸೌಜನ್ಯದಿಂದ ತಿಳಿಹೇಳಲಾಗಿದೆ’ ಅಂತಿದೆ.

ಮಾರನೇ ದಿನ ಗೌರಿ ಹಬ್ಬ. ಹನುಮಂತನಗರದಿಂದ ಕೋರಮಂಗಲಕ್ಕೆ ಬರಲು ಒಂದೂಕಾಲು ಗಂಟೆ ಹಿಡಿಯಿತು. ಮಗಳು ಸ್ಕೂಲ್ ಯೂನಿಫಾರ್ಮಿನಲ್ಲೇ ಇದ್ದಳು. ನಲವತ್ತು ನಿಮಿಷ ನಿಲ್ಲಿಸಿದಿರಿ. ಕೌಂಟರಿನ ಪಕ್ಕದಲ್ಲಿ ಒಂದು ಸ್ಟೂಲ್ ಇತ್ತು, ಅದರ ಮೇಲೆ ನಿಮ್ಮ ಹುಡುಗನ ಹೆಲ್ಮೆಟ್ ಕೂತಿತ್ತು.

ಆಮೇಲೆ ಆ ಹುಡುಗ ಕನ್ಸೋಲ್ ತಗೊಂಡು, ‘ಏನಾದ್ರೂ ಒತ್ತಿಬಿಟ್ರಾ ಮೇಡಂ?’ ಅಂದ. ಆನ್ ಬಟನ್ ಒತ್ತಿದೆ ಅಂದೆ. ‘ಮನೇಲಿ ಸಾರ್ ಯಾರಾದ್ರೂ ಇದ್ರೆ ಕಳಿಸಿ, ಅವ್ರಿಗೆ ಅರ್ಥ ಮಾಡಿಸ್ತೀನಿ’ ಅಂದ. ಮನೆಯ ಸಾರ್‌ಗೆ ಟಿವಿಯಲ್ಲಿ ಎಚ್‌ಡಿಎಂಐ ಎಲ್ಲಿದೆ ಅಂತಲೂ ಗೊತ್ತಿಲ್ಲ. 90ರ ದಶಕದಲ್ಲಿ ಬ್ರಿಕ್ ಗೇಮ್ ಹಿಡಿದಾಗಿಂದ ಆಡುತ್ತಿರುವುದು ನಾನು. ಆದರೂ ತಾಳ್ಮೆಯಿಂದ ಎರಡು ಮಾಡೆಲ್ಲಿನ ವ್ಯತ್ಯಾಸ ಹೇಳಿದೆ. ಅವನು ನನ್ನನ್ನು ಬಿಟ್ಟು, ಚಾರ್ಜರ್ ಕೊಳ್ಳಲು ಬಂದಿದ್ದ ಕಾಲೇಜು ಹುಡುಗನ ಕೈಗೆ ಕನ್ಸೋಲ್ ಕೊಟ್ಟು ‘ಬ್ರೋ, ಒಂಚೂರು ನೋಡು’ ಅಂದ. ಆ ಹುಡುಗ ಅರ್ಧ ನಿಮಿಷ ನೋಡಿ, ‘ಇದು ಜಪಾನ್ ಮಾತ್ರದ್ದು ಬ್ರೋ, ಆಂಟಿ ಹೇಳಿದ್ದು ಸರಿ’ ಅಂದ. ಆಂಟಿ ಅಂದಿದ್ದನ್ನು ಕ್ಷಮಿಸಿದ್ದೇನೆ. ಅಂಗಡಿಯಲ್ಲಿ ನಿಜ ಹೇಳಿದವನು ಅವನೊಬ್ಬನೇ.

ಆಗ ಮ್ಯಾನೇಜರ್ ಸಾಹೇಬರು ಬಂದಿರಿ. ಸೀಲ್ ತೆಗೆದಿದ್ದೀರಿ, ಐದನೇ ನಿಯಮದ ಪ್ರಕಾರ ವಾಪಸ್ ಇಲ್ಲ ಅಂದಿರಿ. ಸೀಲ್ ತೆಗೆಯದೆ ಒಳಗೆ ಯಾವ ಭಾಷೆ ಇದೆ ಅಂತ ಹೇಗೆ ನೋಡುವುದು ಅಂತ ಕೇಳಿದೆ. ‘ಡಬ್ಬದ ಮೇಲೇ ಬರೆದಿರುತ್ತೆ ಮೇಡಂ’ ಅಂದಿರಿ. ಯಾವ ಭಾಷೆಯಲ್ಲಿ ಬರೆದಿರುತ್ತೆ ಅಂದೆ. ನೀವು ಡಬ್ಬ ತಿರುಗಿಸಿ ತಿರುಗಿಸಿ ನೋಡಿದಿರಿ. ಆಮೇಲೆ ಬಂತು ಸಲಹೆ: ‘ಗೂಗಲ್ ಲೆನ್ಸ್ ಹಿಡ್ಕೊಂಡು ಆಡಿ, ಎಲ್ಲಾ ಇಂಗ್ಲಿಷಲ್ಲಿ ಕಾಣುತ್ತೆ.’ ಕನ್ಸೋಲ್ ಹಿಡಿಯಲು ಎರಡು ಕೈ ಬೇಕು. ಲೆನ್ಸ್ ಹಿಡಿಯುವ ಮೂರನೇ ಕೈ ನಿಮ್ಮಲ್ಲಿ ಸ್ಟಾಕ್ ಇದೆಯಾ ಅಂತ ಕೇಳಿದೆ. ಅದಕ್ಕೆ ನೀವು ಮಗಳ ಕಡೆ ತಿರುಗಿ, ‘ಒಳ್ಳೇದೇ ಅಲ್ವಾ ಪುಟ್ಟಾ, ಫ್ರೀಯಾಗಿ ಜಪಾನೀಸ್ ಕಲೀಬಹುದು, ಮುಂದೆ ಕೆಲಸಕ್ಕೆ ಬರುತ್ತೆ’ ಅಂದಿರಿ. ಕೌಂಟರಿನ ಹಿಂದೆ ಮೂರು ಜನ ನಕ್ಕರು. ಅವಳು ತಲೆ ಎತ್ತಲಿಲ್ಲ. ಬ್ಯಾಗಿನ ಜಿಪ್ ಎಳೆಯುವುದು, ಬಿಡುವುದು, ಅಷ್ಟೇ ಮಾಡುತ್ತಿದ್ದಳು. ಆಟೋದಲ್ಲಿ ‘ಅಮ್ಮಾ, ಹಳೇದಕ್ಕೇ ಇನ್ನೊಂದು ಪೇಪರ್ ಹಾಕೋಣ ಬಿಡು’ ಅಂದಳು.

ನಡುವೆ ಒಂದು ಆಫರ್ ಕೂಡ ಕೊಟ್ಟಿರಿ. ‘ಓಪನ್ ಬಾಕ್ಸ್’ ಅಂತ 14,000 ಹಿಡಿದುಕೊಂಡು ಮಿಕ್ಕಿದ್ದು ಕೊಡ್ತೀವಿ ಅಂತ. ನೀವು ಮಾಡಿದ ತಪ್ಪಿಗೆ ನನಗೆ ದಂಡ.

ಅಂದಹಾಗೆ ಕಾಂಬೋ ಅಂತ 2,200ಕ್ಕೆ ಕೊಟ್ಟ ಮೆಮೊರಿ ಕಾರ್ಡ್ ಮಾಮೂಲಿ ಮೈಕ್ರೊ ಎಸ್‌ಡಿ. ಸ್ವಿಚ್ 2ರಲ್ಲಿ ಆಟ ಇಡಬೇಕಾದರೆ ಮೈಕ್ರೊ ಎಸ್‌ಡಿ ಎಕ್ಸ್‌ಪ್ರೆಸ್ಸೇ ಆಗಬೇಕು. ಮಾಮೂಲಿ ಕಾರ್ಡಿನಿಂದ ಹಳೇ ಸ್ವಿಚ್ಚಿನ ಫೋಟೊ, ವಿಡಿಯೊ ಮಾತ್ರ ತೆಗೆದುಕೊಳ್ಳಬಹುದು. ಅವನ್ನು ನೋಡಿಕೊಂಡು ಕೂರಲು ನಾನು 2,200 ಕೊಡಲಿಲ್ಲ.

ನಿಮ್ಮ ಬುಕಿಂಗ್ ನಿಯಮಗಳಲ್ಲಿ ಎರಡನೆಯದು ಇಂಥ ತಪ್ಪಿಗೆ ಏನು ಹೇಳುತ್ತೆ ಅಂತ ನಾನು ಇಲ್ಲಿ ಬರೆಯುವುದಿಲ್ಲ. ಬರೆಸಿದವರು ನೀವು. ಐದನೆಯದು ಬಾಯಿಪಾಠ ಇರುವವರಿಗೆ ಎರಡನೆಯದು ಮರೆತಿರಲಾರದು. 2020ರ ಇ-ಕಾಮರ್ಸ್ ನಿಯಮಗಳೂ ಗೊತ್ತಿರಬೇಕು. ದೂರು ಬಂದಿದೆ ಅಂತ 48 ಗಂಟೆಯಲ್ಲಿ ಒಪ್ಪಿಕೊಳ್ಳಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಹೇಳಿದ ವಸ್ತು ಕೊಡದಿದ್ದರೆ ದುಡ್ಡು ವಾಪಸ್ ಕೊಡಲ್ಲ ಅನ್ನುವ ಹಾಗಿಲ್ಲ. ನನ್ನ ಮೊದಲ ಮೇಲ್ ಆಗಸ್ಟ್ 28ರದು. ತಿಂಗಳು ನಿನ್ನೆಗೆ ಮುಗಿಯಿತು.

ಬಹುಭಾಷೆಯ ಕನ್ಸೋಲ್ ಕೊಡಿ, ಇಲ್ಲವೇ 63,700 ವಾಪಸ್ ಮಾಡಿ. ಅಕ್ಟೋಬರ್ 10ರವರೆಗೆ ಕಾಯುತ್ತೇನೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರಿನ ನಂಬರ್ ಆಗಲೇ ತಗೊಂಡಿದ್ದೇನೆ. ಮುಂದಿನದು ಶಾಂತಿನಗರದ ಗ್ರಾಹಕ ಆಯೋಗ. 5 ಲಕ್ಷದೊಳಗಿನ ಕೇಸಿಗೆ ಅಲ್ಲಿ ಫೀಸೂ ಇಲ್ಲ. ಹಳದಿ ಚೀಟಿಯ ಒಂದು ಜೆರಾಕ್ಸ್ ಕೋರಮಂಗಲದಲ್ಲೇ ಇರುವ ತೆರಿಗೆ ಕಚೇರಿಗೂ ಹೋಗುತ್ತೆ, ನಡೆದುಕೊಂಡು ಹೋಗುವಷ್ಟು ದೂರ.

ಆ ಗಡುವೂ ದಾಟಿದರೆ, ಮಾರನೇ ದಿನ ಅಕ್ಟೋಬರ್ 11 ಶನಿವಾರ. ಸಂಜೆ ಐದರಿಂದ ಎಂಟರವರೆಗೆ ನಿಮ್ಮ ಅಂಗಡಿ ಎದುರಿನ ಫುಟ್‌ಪಾತಿನಲ್ಲಿ ನಾನು ಮತ್ತು ನನ್ನ ಮಗಳು ಇರುತ್ತೇವೆ, ಕೈಯಲ್ಲಿ ಇದೇ ಕನ್ಸೋಲ್ ಹಿಡಿದುಕೊಂಡು. ಒಳಗೆ ಹೋಗುವ ಒಬ್ಬೊಬ್ಬರಿಗೂ ಕೊಟ್ಟು, ‘ಒಂದು ಸಾಲು ಓದಿ ಹೇಳಿ, ಅಂಗಡಿಯವರು ಇದನ್ನು ಬಹುಭಾಷೆ ಅಂತ ಮಾರಿದ್ದಾರೆ’ ಅನ್ನುತ್ತೇವೆ. ಓದಿದವರಿಗೆ ಬೈಟು ಕಾಫಿ. ಸ್ಟೂಲ್ ನಾವೇ ತರುತ್ತೇವೆ, ಹೆಲ್ಮೆಟ್ ಎತ್ತುವ ತೊಂದರೆ ನಿಮಗೆ ಬೇಡ.

ಇಂತಿ,
ನಿಮ್ಮ ಗ್ರಾಹಕಿ
ಹನುಮಂತನಗರ, ಬೆಂಗಳೂರು

ಲಗತ್ತು: ಹಳದಿ ಚೀಟಿಯ ಜೆರಾಕ್ಸ್, ಹೆಬ್ಬೆರಳು