ಗುಂಡನ ಕೊನೆಯ ರಾತ್ರಿ ಜೊತೆಗಿದ್ದವರಿಗೆ

ನಮ್ಮ ಗಿನಿ ಪಿಗ್ ಗುಂಡ ಹೋಗಿ ಇವತ್ತಿಗೆ 11 ದಿನ. ಅವನಿಗೆ ಏನಾಗಿತ್ತು, ನಾವು ಎಷ್ಟು ಓಡಾಡಿದೆವು ಅನ್ನುವುದು ನಿಮಗೆಲ್ಲ ಗೊತ್ತೇ ಇದೆ, ಮತ್ತೆ ಬರೆಯುವುದಿಲ್ಲ. ಎಷ್ಟೋ ಜನರ ಫೋನ್ ಎತ್ತಲು ಆಗಲಿಲ್ಲ. ಬೇಜಾರು ಮಾಡಿಕೊಳ್ಳದೆ ಸುಮ್ನೆ ಕಾದಿರಿ.

ರಜೆಯ ದಿನವೂ ಬಾಗಿಲು ತೆರೆದ ಡಾಕ್ಟರಿಗೆ, ಹೊತ್ತಲ್ಲದ ಹೊತ್ತಲ್ಲಿ ಕಾರು ತಂದ ಗೆಳತಿಗೆ, ನನ್ನ ಕೆಲಸ ಹಂಚಿಕೊಂಡ ಆಫೀಸಿನವರಿಗೆ, ಗುಂಡನ ಚಿತ್ರ ಬರೆದು ಬಾಗಿಲ ಸಂದಿಯಲ್ಲಿ ತೂರಿಸಿ ಹೋದ ಪಕ್ಕದ ಮನೆ ಪುಟ್ಟಿಗೆ, ತುಂಬಾ ಥ್ಯಾಂಕ್ಸ್.

ಅತ್ತಿಗೆಯ ವಿಷಯ ಮಾತ್ರ ಒಂದು ಸಾಲಲ್ಲಿ ಮುಗಿಯುವುದಿಲ್ಲ.

ಆ ದಿನ ಗುಂಡ ಬೆಳಗ್ಗೆಯಿಂದ ಹುಲ್ಲು ಮುಟ್ಟಿರಲಿಲ್ಲ. ಗಿನಿ ಪಿಗ್ ಸಾಕಿದವರಿಗೆ ಇದು ಎಂಥ ಭಯ ಅಂತ ಗೊತ್ತು. ಒಂದು ದಿನ ಖಾಲಿ ಇದ್ದು ಸುಧಾರಿಸಿಕೊಳ್ಳುವ ಹೊಟ್ಟೆ ಅಲ್ಲ ಅದು. ಹಗಲೂ ರಾತ್ರಿ ಒಂದಿಷ್ಟು ಮೇಯುತ್ತಲೇ ಇರಬೇಕು. ಮೇಯುವುದು ನಿಂತರೆ ಕರುಳಿನ ಕೆಲಸವೂ ನಿಲ್ಲುತ್ತಾ ಬರುತ್ತದೆ.

ರಾತ್ರಿ ಹತ್ತಕ್ಕೆ ಅತ್ತಿಗೆ ಬಂದರು. ‘ಒಬ್ಬಳೇ ಕೂತಿರಬೇಡ’ ಅಂದಿದ್ದಷ್ಟೇ. ಅದಕ್ಕೂ ಮುಂಚೆ ಅವರು ಗುಂಡನನ್ನು ಎತ್ತಿಕೊಂಡವರೂ ಅಲ್ಲ. ನನ್ನ ಕೈ ನಡುಗುವುದನ್ನು ನೋಡಿ, ಅವನಿಗೆ ತಿನ್ನಿಸುವ ಸಿರಿಂಜ್ ತೆಗೆದುಕೊಂಡರು. ಟವೆಲ್ಲಿನಲ್ಲಿ ಅವನನ್ನು ಸುತ್ತಿ, ಮುಖ ಮಾತ್ರ ಹೊರಗೆ ಬಿಟ್ಟು, ಮುಂದಿನ ಹಲ್ಲಿನ ಹಿಂದೆ ಪಕ್ಕದಿಂದ ಒಂದು ತೊಟ್ಟು. ದವಡೆ ಆಡುವ ತನಕ ಕಾಯುವುದು. ಮತ್ತೆ ಒಂದು ತೊಟ್ಟು. ಎರಡು ಗಂಟೆಗೊಮ್ಮೆ ಹೀಗೆ. ಪ್ರತಿ ಸಲವೂ ಒದ್ದೆ ಬಟ್ಟೆಯಿಂದ ಅವನ ಗಲ್ಲ ಒರೆಸುತ್ತಿದ್ದರು. ದಿನಕ್ಕೆ ಎಷ್ಟು ಸಲ ಮುಖ ತೊಳೆದುಕೊಳ್ಳುತ್ತಿದ್ದವನು ಅವನು! ಆಮೇಲೆ ಪುಸ್ತಕದಲ್ಲಿ ಗಂಟೆ, ಎಷ್ಟು ಎಂಎಲ್ ಅಂತ ಬರೆದಿಡುವುದು.

‘ಸರಿಹೋಗುತ್ತೆ ಬಿಡು’ ಅಂತ ಅವರು ಒಮ್ಮೆಯೂ ಹೇಳಲಿಲ್ಲ.

ನಾಲ್ಕು ಗಂಟೆಗೆ ಕೊಟ್ಟಿದ್ದೆಲ್ಲ ಬಾಯಿಯ ಅಂಚಿನಿಂದ ಹೊರಗೆ ಬಂತು. ಅತ್ತಿಗೆ ಸಿರಿಂಜ್ ಕೆಳಗಿಟ್ಟರು. ‘ಸಾಕು ಕಣೇ. ಇನ್ನು ಅವನನ್ನ ಸುಮ್ನೆ ಎತ್ಕೊಂಡಿರು’ ಅಂದರು. ಆ ಮಾತು ನನ್ನ ಬಾಯಲ್ಲಿ ಬರುತ್ತಿರಲಿಲ್ಲ. ಬೆಳಗಾಗುವವರೆಗೂ ಒತ್ತಾಯ ಮಾಡುತ್ತಲೇ ಇರುತ್ತಿದ್ದೆ. ಅವನಿಗೆ ಕೊನೆಯ ಒಂದೂವರೆ ಗಂಟೆ ನೆಮ್ಮದಿಯಾಗಿ ಸಿಕ್ಕಿದ್ದು ಅವರಿಂದ.

ಆಮೇಲೆ ಅವನನ್ನು ಅವನ ಜೊತೆಗಾತಿ ಚಿನ್ನಿಯ ಹತ್ತಿರ ಮಲಗಿಸಿದ್ದೂ ಅವರೇ. ‘ಅವಳಿಗೂ ಗೊತ್ತಾಗಬೇಕು ಅಲ್ವಾ? ಇಲ್ದಿದ್ರೆ ಹುಡುಕ್ತಾ ಇರ್ತಾಳೆ’ ಅಂದರು. ಚಿನ್ನಿ ಅವನ ಕಿವಿ ಮೂಸಿದಳು. ಗಲ್ಲದಿಂದ ಎರಡು ಸಲ ತಳ್ಳಿದಳು. ಪಕ್ಕದಲ್ಲೇ ಸ್ವಲ್ಪ ಹೊತ್ತು ಕೂತು, ಎದ್ದು ಹೋಗಿ ಹುಲ್ಲು ಕಚ್ಚಿದಳು. ಅತ್ತಿಗೆ ಆ ರಾತ್ರಿ ಅತ್ತಿದ್ದು ಆಗ ಮಾತ್ರ.

ಒಂದು ಮಾತು ಹೇಳಿಬಿಡುತ್ತೇನೆ, ಒಳಗೇ ಇಟ್ಟುಕೊಳ್ಳಲು ಆಗುತ್ತಿಲ್ಲ. ಈ ಜೀವಗಳು ನೋವನ್ನು ಮುಚ್ಚಿಡುತ್ತವೆ. ಬೇರೆ ಪ್ರಾಣಿಗಳ ಬಾಯಿಗೆ ಸಿಗುವ ಜಾತಿ, ಸೊರಗಿದ್ದು ತೋರಿಸಿಕೊಂಡರೆ ಉಳಿಗಾಲವಿಲ್ಲ. ಎಷ್ಟೋ ಸಲ ಮೊದಲು ಸುಳಿವು ಕೊಡುವುದು ತೂಕ. ಅದಕ್ಕೇ ವಾರಕ್ಕೊಮ್ಮೆ ತೂಗಬೇಕು. ನಾನು ಎರಡು ಭಾನುವಾರ ತೂಗಲಿಲ್ಲ. ಕೆಲಸ ಜಾಸ್ತಿ ಇತ್ತು ಅಂದುಕೊಂಡೆ. ಆರು ವರ್ಷ ಫ್ರಿಜ್ ಬಾಗಿಲಿನ ಸದ್ದಾದರೆ ಸಾಕು, ಸಿಳ್ಳೆ ಹಾಕಿ ಮನೆಯೆಲ್ಲ ಎಬ್ಬಿಸುತ್ತಿದ್ದವನು ಆ ಎರಡು ವಾರ ಸ್ವಲ್ಪ ಮೆತ್ತಗಿದ್ದ. ನಾನು ಕೇಳಿಸಿಕೊಳ್ಳಲಿಲ್ಲ. ಕ್ಷಮಿಸು ಗುಂಡ.

ಚಿನ್ನಿ ಚೆನ್ನಾಗಿದ್ದಾಳೆ. ಮೊದಲ ಮೂರು ದಿನ ಗುಂಡನ ಮೂಲೆ ಬಿಟ್ಟು ಬರಲಿಲ್ಲ, ಈಗ ಕೊತ್ತಂಬರಿ ಸೊಪ್ಪಿಗೆ ಓಡಿ ಬರುತ್ತಾಳೆ. ಗಿನಿ ಪಿಗ್ ಒಂಟಿಯಾಗಿ ಇರುವ ಪ್ರಾಣಿ ಅಲ್ಲ. ಅವಳಿಗೊಂದು ಜೊತೆ ಬೇಕು, ಅದನ್ನು ನಿಧಾನವಾಗಿ ನೋಡುತ್ತೇವೆ.

ಈ ಭಾನುವಾರ ಅವಳನ್ನು ತೂಗಿದೆ. 912 ಗ್ರಾಂ. ನೀವು ಬರೆದಿಟ್ಟ ಪುಟದ ಮುಂದಿನ ಪುಟದಲ್ಲೇ ಬರೆದಿದ್ದೇನೆ, ಅತ್ತಿಗೆ.