ಸುರಂಗದ ದೂಳು, ಕ್ರಷರ್ ದೂಳು: ಕಾರ್ಮಿಕ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕಾರ್ಮಿಕ ಸಚಿವರಿಗೆ ನಮಸ್ಕಾರ.

ಫೆಬ್ರವರಿ ಬಂತೆಂದರೆ ಬೆಂಗಳೂರಿನ ಕೆಲವು ಅಮೆರಿಕನ್ ಕಂಪನಿಗಳಲ್ಲಿ ಕಪ್ಪು ಜನರ ಇತಿಹಾಸ ಮಾಸಾಚರಣೆ ನಡೆಯುತ್ತದೆ. ಭಾಷಣ, ಪೋಸ್ಟರು, ಎಲ್ಲರಿಗೂ ಜಾಗವಿರುವ ಕಚೇರಿಯ ಮಾತು. ಒಳ್ಳೆಯದೇ. ಆದರೆ ಆ ಇತಿಹಾಸದಲ್ಲಿ ನಿಮ್ಮ ಇಲಾಖೆಗೆ ನೇರವಾಗಿ ಬೇಕಾದ ಒಂದು ಅಧ್ಯಾಯವಿದೆ. ಅದು ಪೋಸ್ಟರಿಗೆ ಬರುವುದು ಅಪರೂಪ.

1930ರಲ್ಲಿ ಅಮೆರಿಕದ ಪಶ್ಚಿಮ ವರ್ಜೀನಿಯಾ ರಾಜ್ಯದ ಹಾಕ್ಸ್ ನೆಸ್ಟ್ ಎಂಬಲ್ಲಿ, ನದಿಯನ್ನು ವಿದ್ಯುತ್ ಸ್ಥಾವರಕ್ಕೆ ತಿರುಗಿಸಲು ಬೆಟ್ಟದೊಳಗೆ ಸುಮಾರು 5 ಕಿ.ಮೀ. ಸುರಂಗ ಕೊರೆಯತೊಡಗಿದರು. ಯೋಜನೆ ಯೂನಿಯನ್ ಕಾರ್ಬೈಡ್‌ನ ಅಂಗಸಂಸ್ಥೆಯದು. ಹೌದು, ಮುಂದೆ ಭೋಪಾಲದಲ್ಲಿ ಹೆಸರು ಕೇಳಿಬಂದ ಅದೇ ಕಾರ್ಬೈಡ್. ಕೆಲಸ ಮಾಡಿಸಿದ್ದು ಗುತ್ತಿಗೆದಾರರು. ಸುರಂಗದೊಳಗೆ ದುಡಿದವರಲ್ಲಿ ಸುಮಾರು ಮುಕ್ಕಾಲು ಪಾಲು, ದಕ್ಷಿಣದ ರಾಜ್ಯಗಳಿಂದ ಕೂಲಿ ಹುಡುಕಿ ಬಂದ ಕಪ್ಪು ಜನ. ಬಂಡೆಯ ತುಂಬ ಸಿಲಿಕಾ, ಅಂದರೆ ಮರಳಿನಲ್ಲಿರುವ ಖನಿಜ. ಪೊಳ್ಳು ಡ್ರಿಲ್ ರಾಡಿನ ಒಳಗಿಂದ ನೀರು ಹಾಯಿಸಿ ಕೊರೆದರೆ ದೂಳು ಅಲ್ಲೇ ಕೆಸರಾಗುತ್ತದೆಂದು ಆಗಲೇ ಗೊತ್ತಿತ್ತು. ಆದರೆ ಒಣದಾಗಿ ಕೊರೆದರೆ ಕೆಲಸ ಬೇಗ ಸಾಗುತ್ತದೆ. ಸಿಡಿಮದ್ದಿನ ಹೊಗೆ, ದೂಳು ಇಳಿಯುವ ಮೊದಲೇ ಕೂಲಿಗಳನ್ನು ಒಳಗೆ ಕಳಿಸಿದರು. ಮಾಸ್ಕ್ ಇದ್ದದ್ದು ನೋಡಲು ಬರುತ್ತಿದ್ದ ಅಧಿಕಾರಿಗಳಿಗೆ ಮಾತ್ರ. ಉಸಿರುಗಟ್ಟಿ ಬಂದವರಿಗೆ ಕಂಪನಿ ವೈದ್ಯರು ನ್ಯುಮೋನಿಯಾ ಎಂದು ಬರೆದರು.

ಸತ್ತವರೆಷ್ಟು? ಕಂಪನಿ ಕಡೆಯವರು ಒಪ್ಪಿದ್ದು 109. ಅಮೆರಿಕದ ಕಾಂಗ್ರೆಸ್ಸಿನ ವಿಚಾರಣೆಯಲ್ಲಿ ಬಂದದ್ದು 476. ದಶಕಗಳ ನಂತರ ನಡೆದ ಅಧ್ಯಯನದ ಅಂದಾಜು 764. ಲೆಕ್ಕ ಹೀಗೆ ಬೆಳೆಯುತ್ತ ಹೋದದ್ದಕ್ಕೆ ಕಾರಣ ಸರಳ: ಎಷ್ಟೋ ಜನ ಕೆಲವೇ ತಿಂಗಳು ದುಡಿದು, ಕೆಮ್ಮುತ್ತ ಊರಿಗೆ ಹೋಗಿ ಅಲ್ಲಿ ಸತ್ತರು. ಪರಿಹಾರದ ದರಪಟ್ಟಿಯಲ್ಲೂ ಬಣ್ಣವಿತ್ತು. ಮದುವೆಯಾಗದ ಬಿಳಿಯನಿಗೆ 800 ಡಾಲರ್, ಅದೇ ಕಾಯಿಲೆಯ ಕಪ್ಪು ಮನುಷ್ಯನಿಗೆ 400.

ಸಿಲಿಕಾ ದೂಳು ಉಸಿರಿನೊಂದಿಗೆ ಒಳಹೋಗಿ ಶ್ವಾಸಕೋಶ ಕೆಡಿಸುವ ಈ ಕಾಯಿಲೆಯ ಹೆಸರು ಸಿಲಿಕೋಸಿಸ್. ಅದು ನಮಗೇನೂ ಪರದೇಶದ ಕಾಯಿಲೆಯಲ್ಲ. ಕೆಜಿಎಫ್‌ನ ಗಣಿ ಕಾರ್ಮಿಕರಲ್ಲಿ ಅದು 1940ರ ದಶಕದಲ್ಲೇ ದಾಖಲಾಗಿದೆ. ಇಂದು ಅದು ಕಲ್ಲು ಕ್ವಾರಿ, ಜಲ್ಲಿ ಕ್ರಷರ್, ಎಂ-ಸ್ಯಾಂಡ್ ಘಟಕ, ಗ್ರಾನೈಟ್ ಕಟಿಂಗ್ ಶೆಡ್ಡುಗಳಲ್ಲಿ ಹುಟ್ಟುತ್ತದೆ. ಕ್ವಾರಿ ಬರುವುದು ಕೇಂದ್ರ ಸರ್ಕಾರದ ಗಣಿ ಸುರಕ್ಷತಾ ನಿರ್ದೇಶನಾಲಯದ ಕೆಳಗೆ, ಪಕ್ಕದ ಕ್ರಷರ್ ನಿಮ್ಮ ಕಾರ್ಖಾನೆ ಇಲಾಖೆಯ ಕೆಳಗೆ. ಬೆಳಿಗ್ಗೆ ಅಲ್ಲಿ, ಮಧ್ಯಾಹ್ನ ಇಲ್ಲಿ ದುಡಿಯುವ ಒಡಿಶಾದ ಅಥವಾ ಬಿಹಾರದ ಹುಡುಗ ಎರಡೂ ಕಡೆಯ ದಾಖಲೆಯಿಂದ ಜಾರಿಹೋಗುತ್ತಾನೆ. ಮೇಸ್ತ್ರಿಯ ಹಾಜರಿ ಪುಸ್ತಕದಲ್ಲಿ ಅವನಿಗೊಂದು ಅಡ್ಡಹೆಸರು ಮಾತ್ರ. ಕೆಮ್ಮು ಬಂದರೆ ಟಿ.ಬಿ. ಎಂದು ಮಾತ್ರೆ. ಸಿಲಿಕೋಸಿಸ್ ಇದ್ದವರಿಗೆ ಟಿ.ಬಿ. ಬೇಗ ಹಿಡಿಯುವುದು ನಿಜ. ಆದರೆ ಚೀಟಿಯಲ್ಲಿ ಟಿ.ಬಿ. ಒಂದೇ ಇದ್ದರೆ ಮಾಲೀಕರ ಹೊಣೆ ಅಲ್ಲಿಗೇ ಮುಗಿಯಿತು.

ಕಪ್ಪು ಜನರ ಇತಿಹಾಸ, ಇಂಥ ಕಾರ್ಮಿಕರನ್ನು ಪರೀಕ್ಷಿಸುವ ಯಂತ್ರದೊಳಗೂ ಕೂತಿದೆ. ಶ್ವಾಸಕೋಶದ ಬಲ ಅಳೆಯುವ ಸ್ಪೈರೋಮೀಟರನ್ನು 19ನೇ ಶತಮಾನದ ಅಮೆರಿಕದಲ್ಲಿ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಎಂಬ ವೈದ್ಯ, ಕಪ್ಪು ಜನರ ಶ್ವಾಸಕೋಶವೇ ಹುಟ್ಟಿನಿಂದ ದುರ್ಬಲವೆಂದು ಸಾಧಿಸಲು ಬಳಸಿದ. ಗುಲಾಮಗಿರಿಗೆ ಅದೊಂದು ಸಮರ್ಥನೆ. ಮುಂದೆ ಕಪ್ಪು ಜನರು ಊದಬೇಕಾದ ಗಾಳಿಯ ನಿರೀಕ್ಷಿತ ಪ್ರಮಾಣವನ್ನೇ ಶೇ 10ರಿಂದ 15ರಷ್ಟು, ಏಷ್ಯಾದವರಿಗೆ ಶೇ 4ರಿಂದ 6ರಷ್ಟು ಇಳಿಸುವ ಪದ್ಧತಿ ಯಂತ್ರದಲ್ಲೇ ಸೇರಿಹೋಯಿತು. ಅಂದರೆ ಶ್ವಾಸಕೋಶ ಹಾಳಾದ ಕಾರ್ಮಿಕನೂ ‘ನಾರ್ಮಲ್’. ನಾರ್ಮಲ್ ಎಷ್ಟೆಂದು ಲೆಕ್ಕಹಾಕುವ 2012ರ ಜಾಗತಿಕ ಸೂತ್ರದಲ್ಲಿ ಭಾರತೀಯರಿಗೆ ಪ್ರತ್ಯೇಕ ಗುಂಪೇ ಇರಲಿಲ್ಲ. ಟೆಕ್ನಿಷಿಯನ್ ಯಾವ ಗುಂಪು ಒತ್ತುತ್ತಾನೋ ಅದರ ಮೇಲೆ ಶೇಕಡಾವಾರು ಬದಲಾಗುತ್ತದೆ. 2023ರಲ್ಲಿ ಅಮೆರಿಕದ ಶ್ವಾಸಕೋಶ ತಜ್ಞರ ಸಂಘವೇ ಜನಾಂಗ ನೋಡದ ಸೂತ್ರ ಬಳಸಲು ಹೇಳಿತು.

ಸೂತ್ರ ಬದಲಾದರೆ ಸಾಲದು. ಕಾರ್ಮಿಕನನ್ನು ಅವನ ಹಿಂದಿನ ಅಳತೆಯೊಂದಿಗೇ ಹೋಲಿಸಬೇಕು: ಕೆಲಸಕ್ಕೆ ಸೇರಿದಾಗ ಸ್ಪೈರೋಮೀಟರಿನ ಒಂದು ಊದು ಪರೀಕ್ಷೆ, ಆಮೇಲೆ ವರ್ಷಕ್ಕೊಂದು. ಮೊದಲ ಸೆಕೆಂಡಿನಲ್ಲಿ ಊದುವ ಗಾಳಿ ಶೇ 15ರಷ್ಟು ಕುಸಿದರೆ ತಜ್ಞರ ಬಳಿ ಕಳಿಸಲೇಬೇಕು. ಯಂತ್ರವನ್ನು ದಿನವೂ 3 ಲೀಟರ್ ಗಾಳಿ ಹಿಡಿಯುವ ಸಿರಿಂಜಿನಿಂದ ಪರೀಕ್ಷಿಸಬೇಕು. ಶೇ 3ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಅಂದು ಬಳಸಬಾರದು. ಸರಿಯಾದ 3 ಊದುಗಳು ಬೇಕು, ಅತ್ಯುತ್ತಮವಾದ ಎರಡರ ನಡುವೆ 150 ಮಿ.ಲೀ.ಗಿಂತ ಹೆಚ್ಚು ಅಂತರವಿರಬಾರದು. ಆರೋಗ್ಯ ಶಿಬಿರಗಳಲ್ಲಿ ಒಂದೇ ಸಲ ಊದಿಸಿ ಸಹಿ ಹಾಕಿದರೆ ಅದು ಪರೀಕ್ಷೆಯಲ್ಲ. ಆರಂಭದ ಸಿಲಿಕೋಸಿಸ್‌ನಲ್ಲಿ ಊದು ಸರಿಯಾಗಿಯೇ ಇದ್ದು ಎಕ್ಸ್‌ರೇಯಲ್ಲಿ ಮಾತ್ರ ಚುಕ್ಕೆ ಕಾಣಬಹುದು. ಹಾಗಾಗಿ ಎದೆಯ ಎಕ್ಸ್‌ರೇಯೂ ಬೇಕು, ಅದನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಮಾದರಿ ಫಿಲ್ಮುಗಳ ಪಕ್ಕದಲ್ಲಿಟ್ಟು ಓದಲು ಕಲಿತ ವೈದ್ಯರೂ ಬೇಕು.

ಇದೆಲ್ಲ ಕಾಯಿಲೆ ಹಿಡಿದ ಮೇಲಿನ ಮಾತು. ಗುಣಪಡಿಸುವ ಔಷಧಿ ಇಲ್ಲದ್ದರಿಂದ ದೂಳನ್ನು ಹುಟ್ಟುವಲ್ಲೇ ತಡೆಯಬೇಕು. ಬಹಳಷ್ಟು ಕ್ರಷರ್‌ಗಳಲ್ಲಿ ನೀರಿನ ಸಿಂಪಡಣೆಯ ಪೈಪು ಇರುತ್ತದೆ, ನೀರಿರುವುದಿಲ್ಲ. ಗಡಸು ಬೋರ್‌ವೆಲ್ ನೀರಿಗೆ ನಾಜಲ್ ಸುಣ್ಣಗಟ್ಟುತ್ತದೆ. ಪುಡಿ ಒದ್ದೆಯಾಗಿ ಜರಡಿಗೆ ಮೆತ್ತುತ್ತದೆಂದು ವಾಲ್ವ್ ಮುಚ್ಚುತ್ತಾರೆ. ಫಿಲ್ಟರ್ ಹಾಕಿಸುವುದು, ನೀರನ್ನು ಜರಡಿಯ ಮೇಲೆ ಸುರಿಯದೆ ಕಲ್ಲು ಬೀಳುವ ಜಾಗದಲ್ಲಿ ಸಣ್ಣ ಹನಿಯಾಗಿ ಬಿಡುವುದು, ಬೆಲ್ಟಿಗೆ ಮುಚ್ಚಳ, ನೆಲವನ್ನು ಒಣದಾಗಿ ಗುಡಿಸದೆ ಒದ್ದೆ ಮಾಡಿ ಗುಡಿಸುವುದು: ಇಷ್ಟನ್ನು ತನಿಖಾಧಿಕಾರಿ ಯಂತ್ರ ಓಡುತ್ತಿರುವಾಗ ನೋಡಬೇಕು. ಮುಖಕ್ಕೆ ಸುತ್ತಿದ ಟವೆಲ್ ಕಣ್ಣಿಗೆ ಕಾಣುವ ದೂಳನ್ನಷ್ಟೇ ತಡೆಯುತ್ತದೆ, ಕೊಲ್ಲುವುದು ಕಾಣದ ದೂಳು. ಕನಿಷ್ಠ ಎನ್-95 ಬೇಕು. ಗಡ್ಡವಿದ್ದರೆ ಅದೂ ಸಡಿಲ.

ಸಿಲಿಕೋಸಿಸ್ ಕಂಡ ವೈದ್ಯರು ಸರ್ಕಾರಕ್ಕೆ ತಿಳಿಸಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ರಾಜಸ್ಥಾನ 2019ರ ನೀತಿಯಲ್ಲಿ ಪ್ರಮಾಣೀಕೃತ ರೋಗಿಗೆ 3 ಲಕ್ಷ, ಮೃತರ ಕುಟುಂಬಕ್ಕೆ 2 ಲಕ್ಷ ರೂಪಾಯಿ ನಿಗದಿ ಮಾಡಿದೆ. ಅಂಥ ನೀತಿ ಇಲ್ಲಿಯೂ ಬರಲಿ, ಆದರೆ ಸೇವಾ ದಾಖಲೆ ತಂದವರಿಗಷ್ಟೇ ಪರಿಹಾರ ಎಂಬ ಷರತ್ತು ಬೇಡ. ಜೊತೆ ಕೆಲಸಗಾರರ ಹೇಳಿಕೆ, ಬ್ಯಾಂಕ್ ಜಮೆ, ಮೇಸ್ತ್ರಿಯ ಫೋನ್‌ಪೇ ಸಂದೇಶವೂ ಸಾಕ್ಷಿಯಾಗಲಿ. ಗುತ್ತಿಗೆ ಯಾರದ್ದೇ ಆಗಿರಲಿ, ಹೆಸರು ಮುಖ್ಯ ಮಾಲೀಕರ ರಿಜಿಸ್ಟರಿನಲ್ಲಿರಲಿ. ಎಕ್ಸ್‌ರೇ ಮತ್ತು ಊದು ಪರೀಕ್ಷೆಯ ಪ್ರತಿಯನ್ನು ಕಾರ್ಮಿಕನ ಕೈಗೇ, ಅವನು ಓದಬಲ್ಲ ಭಾಷೆಯ ಒಂದು ಪುಟದೊಂದಿಗೆ ಕೊಡಲಿ. ಅವನು ಊರಿಗೆ ಹೊರಟ ದಿನ ಆ ಲಕೋಟೆ ಅವನ ಚೀಲದಲ್ಲಿರಬೇಕು, ಕ್ರಷರ್ ಆಫೀಸಿನ ಬೀರುವಿನಲ್ಲಲ್ಲ.

ಇತಿ,
ಔದ್ಯೋಗಿಕ ಆರೋಗ್ಯ ಕ್ಷೇತ್ರದಲ್ಲಿ ಕೆಲಸ ಮಾಡುವ ಕೆಲವರು