ಕೋರೆಗೂ ಸುರಂಗಕ್ಕೂ ಹೊರಟ ಮಗಳಿಗೆ

ಪ್ರೀತಿಯ ಮಗಳೇ,

ನಿಮ್ಮ ಭೂವಿಜ್ಞಾನ ತರಗತಿಯವರನ್ನು ಈ ಸಲ ನಮ್ಮ ಕಾಸರಗೋಡಿನ ಎಣ್ಮಕಜೆ, ಬಾಯಾರು ಕಡೆಗೇ ಕರೆತರುತ್ತಾರಂತೆ. ಚಿಕ್ಕಂದಿನಿಂದ ನೋಡಿದ ಮುರಕಲ್ಲು (ಜಂಬಿಟ್ಟಿಗೆ, ಲ್ಯಾಟರೈಟ್) ತಾನೇ ಎಂದು ಅಸಡ್ಡೆ ಮಾಡಬೇಡ.

ಹಳೇ ಕೋರೆಯ ಗೋಡೆಯನ್ನು ಮೊದಲು ದೂರ ನಿಂತು ಮೇಲಿಂದ ಕೆಳಗೆ ನೋಡು. ತುದಿಯಲ್ಲಿ ಪದವಿನ, ಅಂದರೆ ಗುಡ್ಡದ ತಲೆಯ ಬಯಲಿನ, ಗಟ್ಟಿ ಪಾರೆ. ಅದರಡಿ ತೂತುತೂತಿನ ಮುರಕಲ್ಲು. ಮನೆ ಕಟ್ಟಲು ಕಡಿಯುವುದು ಇದನ್ನೇ, ಬೇಕಲ ಕೋಟೆಯೂ ಇದರದ್ದೇ. ಕಡಿಯುವಾಗ ಮೆತ್ತಗಿದ್ದದ್ದು ಗಾಳಿ ಬಿಸಿಲಿಗೆ ಪಸೆ ಆರಿ, ಕಬ್ಬಿಣದ ಆಕ್ಸೈಡು ಹರಳುಗಟ್ಟಿ ಗಟ್ಟಿಯಾಗುತ್ತದೆ. ಇನ್ನೂ ಕೆಳಗೆ ಬಿಳಿ, ನಸುಗೆಂಪು ಶೇಡಿ ಮಣ್ಣು. ಮಳೆನೀರು ಲಕ್ಷಾಂತರ ವರ್ಷ ಬಂಡೆಯ ಸಿಲಿಕಾವನ್ನು ತೊಳೆದೊಯ್ದು ಕಬ್ಬಿಣ, ಅಲ್ಯೂಮಿನಿಯಂ ಉಳಿಸಿದ್ದರ ಫಲ ಇದೆಲ್ಲ.

ಗೋಡೆಯ ಮೇಲೆ ಸಾಲಾಗಿ ಕಾಣುವ ಅಡ್ಡಗೆರೆಗಳು ಪದರಗಳಲ್ಲ, ಕಲ್ಲು ಕೊಯ್ಯುವ ಯಂತ್ರದ ಗುರುತು. ಅಲ್ಲಿ ಕಂಪಾಸ್ ಇಟ್ಟು ಓರೆ ಅಳೆದರೆ ನಗೆಪಾಟಲು. ನಿಜವಾದ ಪಟ್ಟೆಗಳನ್ನು ಶೇಡಿಯಲ್ಲಿ ಹುಡುಕು. ಉಗುರಿನಲ್ಲಿ ಕೆರೆಯುವಷ್ಟು ಮೆತ್ತಗಾಗಿದ್ದರೂ ಕೆಲವೆಡೆ ನೈಸ್ (gneiss) ಎಂಬ ಹಳೆಯ ಮೂಲ ಬಂಡೆಯ ಪಟ್ಟೆ ಹಾಗೇ ಉಳಿದಿರುತ್ತದೆ. ಮಾದರಿ ಚೀಲದ ಮೇಲೆ ಜಾಗ, ನೆಲದಿಂದ ಎಷ್ಟು ಎತ್ತರ ಎಂದು ಅಲ್ಲೇ ಬರೆ. ಸಂಜೆ ಮನೆಗೆ ಬಂದ ಮೇಲೆ ಕೆಂಪುಕಲ್ಲೆಲ್ಲ ಒಂದೇ!

ಮುರಕಲ್ಲು ನೀರು ಇಳಿಸುತ್ತದೆ, ಶೇಡಿ ತಡೆಯುತ್ತದೆ. ಇವೆರಡರ ಗಡಿಯಲ್ಲಿ ಒಸರು ಕಂಡರೆ ಟೇಪು ಹಿಡಿದು ಎತ್ತರ ಗುರುತಿಸಿಕೋ. ಸುರಂಗಕ್ಕೆ, ಅಂದರೆ ನೀರಿಗಾಗಿ ಕೊರೆದ ನಮ್ಮೂರ ಅಡ್ಡ ಬಾವಿಗೆ, ನೀರು ಬರುವುದೂ ಈ ಲೆಕ್ಕದಲ್ಲೇ: ಗುಡ್ಡಕ್ಕೆ ಅಡ್ಡವಾಗಿ ಕೊರೆಯುತ್ತಾರೆ, ನೆಲ ಬಾಯಿಯ ಕಡೆಗೆ ತುಸು ಇಳಿಜಾರು, ಪಂಪಿಲ್ಲದೆ ನೀರು ಹೊರಗೆ. ಎತ್ತರ ಆಳು ನಿಲ್ಲುವಷ್ಟು, ಅಗಲ ಎರಡಡಿ ಆಸುಪಾಸು. ಅಗಲ ಹೆಚ್ಚಿದರೆ ಸುರಂಗದ ಮಾಡು (ಚಾವಣಿ) ನಿಲ್ಲದು. ಮುರಕಲ್ಲಿನಲ್ಲಿ ಕೊರೆದದ್ದು ತಲೆಮಾರುಗಟ್ಟಲೆ ಬಾಳುತ್ತದೆ. ಶೇಡಿಗೆ ನುಗ್ಗಿದ್ದು ನೀರು ಕುಡಿದು ಮೆತ್ತಗಾಗಿ ಕುಸಿಯುತ್ತದೆ. ಬಾಯಲ್ಲಿ ಹೊಸ ಮಣ್ಣಿನ ರಾಶಿ ಕಂಡರೆ ಯಾರು ಕರೆದರೂ ಒಳಗೆ ಹೋಗಬೇಡ.

ಹೋಗುವುದಾದರೆ ಆ ಸುರಂಗ ಬಲ್ಲವರ ಹಿಂದೆ, ನಾಲ್ಕೇ ಜನ. ಒಳಗೆ ತಿರುಗಲು ಜಾಗವಿಲ್ಲ, ಹಿಂದೆ ಬರಬೇಕಾದರೆ ಸಾಲಿನ ಕೊನೆಯವರೇ ಮೊದಲು ಹೊರಡಬೇಕು. ಟಾರ್ಚಿನ ಜೊತೆ ಮೊಂಬತ್ತಿಯೂ ಇರಲಿ. ಗಾಳಿಯ ಆಮ್ಲಜನಕ ಶೇಕಡಾ 21ರಿಂದ 16ರ ಹತ್ತಿರ ಇಳಿದರೆ ಮೊಂಬತ್ತಿ ಆರುತ್ತದೆ, ಟಾರ್ಚು ಉರಿಯುತ್ತಲೇ ಇರುತ್ತದೆ. ಆರುವ ತನಕ ಕಾಯಬೇಡ, ಮಂಕಾದ ಕೂಡಲೇ ಹೊರಡು. ಬಾವಲಿ ಎದ್ದರೆ ಬಗ್ಗಿ ಕೂತರೆ ಸಾಕು.

ಕೋರೆಯ ಅಂಚಿಗೆ ನಿಂತು ಫೋಟೋ ಬೇಡ. ನೀರು ತುಂಬಿದ ಹೊಂಡದ ಬದಿಗಳು ನೆಟ್ಟಗೆ ಕಡಿದವು, ಬಿದ್ದವರಿಗೆ ಕಾಲೂರಲು ಮೆಟ್ಟಿಲು ಸಿಗದು. ಈಜು ಬಲ್ಲವರಿಗೂ ಇದು ಅನ್ವಯ.

ಮಧ್ಯಾಹ್ನದ ಊಟಕ್ಕೆ ಎಷ್ಟು ಜನ ಎಂದು ಹಿಂದಿನ ದಿನವೇ ತಿಳಿಸು.

ನಿನ್ನ
ಅಮ್ಮ